ಆಣೆಯ ಕೈ

ಹಾಸ್ಟೆಲ್, ಕಾರವಾರ
೧೭ ನವೆಂಬರ್ ೨೦೨೪

ಪ್ರೀತಿಯ ಆಯಿ,

ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ನೀನು ಕಟ್ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕನ್ನಡ ಇಷ್ಟೇ, ಅಡ್ಜಸ್ಟ್ ಮಾಡಿಕೊ. ಸಣ್ಣವಳಿದ್ದಾಗಲೇ ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಹಾಕಿದ ಅಪ್ಪ-ಅಮ್ಮ ನೀವೇ.

ಅಪ್ಪ ಕುಡಿಯುತ್ತಿಲ್ಲ ಆಯಿ. ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ನೀನು ಮುಂದೆ ಓದುವುದಿಲ್ಲ. ನಿನ್ನೆ ಡಾಕ್ಟರಿಗೆ ತೋರಿಸಿದೆ.

ರಜೆಯಲ್ಲಿ ಸದಾಶಿವಗಡದ ಮನೆಗೆ ಹೋದಾಗ ನೋಡಿದೆ. ಟಿವಿ ಮುಂದೆ ಸುಮ್ಮನೆ ಕೂತಿದ್ದರೂ ಅಪ್ಪನ ಬಲಗೈ ಹೆಬ್ಬೆರಳು ಆಡುತ್ತಲೇ ಇತ್ತು. ಚಹಾದ ಕಪ್ ಎತ್ತಿದ, ನಿಂತಿತು. ನಡೆಯುವಾಗ ಎಡಗೈ ಬೀಸುತ್ತದೆ, ಬಲಗೈ ಇಲ್ಲ. ಒಲೆ ಮೇಲಿನ ಒಣ ಬಂಗಡೆ ಮೀನು ಕರಕಲಾದ ವಾಸನೆಗೆ ನಾನು ಅಂಗಳದಿಂದ ಓಡಿ ಬಂದರೆ, ಪಕ್ಕದಲ್ಲೇ ನಿಂತಿದ್ದ ಅಪ್ಪ, ವಾಸನೆಯೇ ಬಾರದವನ ಹಾಗೆ, "ಎಂತಾ ಆಯ್ತೇ?" ಅಂದ. ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ನನ್ನ ಮೇಲೆ ಬೇಜಾರು ಅಂದುಕೊಂಡೆ.

ಡಾಕ್ಟರ್ ನಡೆಸಿ ನೋಡಿದರು, ಬೆರಳು ತಟ್ಟಿಸಿದರು. ಪಾರ್ಕಿನ್ಸನ್ಸ್‌ನ ಶುರು ಇರಬೇಕು, ಮಂಗಳೂರಿನಲ್ಲಿ ನರರೋಗದವರಿಗೆ ತೋರಿಸಿ ಎಂದರು. ಪೂರ್ತಿ ವಾಸಿಯಾಗುವುದಿಲ್ಲವಂತೆ. ಮಾತ್ರೆ ತೆಗೆದುಕೊಂಡರೆ ಸುಮಾರು ವರ್ಷ ಚೆನ್ನಾಗಿರಬಹುದಂತೆ. ನಾನು ಓಕೆ ಓಕೆ ಅನ್ನುತ್ತಿದ್ದೆ. ಅಳು ಬರಲಿಲ್ಲ. ಹೊರಗೆ ಬಂದು ಇಬ್ಬರೂ ಲಿಂಬು ಸೋಡಾ ಕುಡಿದೆವು.

ನಿನ್ನ ತವರು ಶೆಟಗೇರಿಯಲ್ಲಿ ದೇವರ ಮುಂದೆ ಕಾಯಿ ಮುಟ್ಟಿಸಿ, ಕುಡಿಯುವುದಿಲ್ಲ ಎಂದು ಅಪ್ಪನಿಂದ ಆಣೆ ಮಾಡಿಸಿದಿರಲ್ಲ. "ಗೋವಾ ದಾರೂ ಬರೂ ರೋಡಲ್ಲೇ ಇವ್ರ ಅಂಗ್ಡಿ, ನಡಿವಾಗ ಕಾಲೂ ಎಳೀತದೆ, ಮತ್ತೆಂತ ನೋಡ್ಬೇಕು?" ಅಂದವಳು ನೀನೇ. ಕಾಯಿಯ ಮೇಲಿಟ್ಟ ಕೈ ನಡುಗಿತು. ಮಾಬ್ಲೇಶ್ವರ ಮಾವ "ಬಾಯಿ ಸುಳ್ಳು ಹೇಳ್ತದೆ ಭಾವಾ, ಕೈ ಹೇಳೂದಿಲ್ಲ" ಅಂದ. ಎಲ್ಲರೂ ನಕ್ಕರು. ನೀನು ಅಂದಿನಿಂದ ತವರಲ್ಲೇ ಉಳಿದೆ. ಅಪ್ಪ ಒಬ್ಬನೇ ಬಸ್ ಹತ್ತಿದ.

ಅಪ್ಪ ನಿಜವನ್ನೇ ಹೇಳಿದ್ದ ಆಯಿ. ಮಾವನಿಗೂ ಹೇಳು. ಬೇಡ, ಮೊದಲು ನೀನೊಬ್ಬಳೇ ಓದು.

೨೬ನೇ ತಾರೀಕು ಮಂಗಳವಾರ ಬೆಳಗಿನ ಮಂಗಳೂರು ಟ್ರೇನಿಗೆ ನಾನು, ಅಪ್ಪ ಕಾರವಾರದಲ್ಲಿ ಹತ್ತುತ್ತೇವೆ. ಆ ಟ್ರೇನು ನಿನಗೆ ಹತ್ತಿರದ ಅಂಕೋಲಾದಲ್ಲೂ ನಿಲ್ಲುತ್ತದೆ.

ನಿನ್ನ
ಮಾನಸಾ

ತಾ.ಕ.: ಈ ಪತ್ರದ ವಿಷಯ ಅಪ್ಪನಿಗೆ ಗೊತ್ತಿಲ್ಲ. ಆಯಿಗೆ ಹೇಳೋಣ ಅಂದಿದ್ದಕ್ಕೆ, "ಬ್ಯಾಡ ಮಗಾ, ಕುಡುಕ ಅಂತ್ಲೇ ತಿಳ್ಕಂಡಿರ್ಲಿ. ಸಿಟ್ಟು ಬಂದ್ರೆ ಅವ್ಳು ಎರಡು ತುತ್ತು ಜಾಸ್ತಿ ಉಣ್ತಾಳೆ. ಚಿಂತೆ ಹತ್ತಿದ್ರೆ ಅನ್ನನೇ ಬಿಡ್ತಾಳೆ" ಅಂದ.