ಪಟ್ಟಿಯಲ್ಲಿಲ್ಲದ ಗುರುವಾರ

ಬಮೆಂಡಾ
೨೪ ಆಗಸ್ಟ್ ೨೦೦೮, ಭಾನುವಾರ

ಪ್ರೀತಿಯ ನಾಂಗೆಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಮಲೇರಿಯಾವನ್ನು ದೂರಬಹುದಿತ್ತು, ಆದರೆ ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು. ಉಳಿದ ದಿನಗಳೆಲ್ಲ ಪೆನ್ನು ಹಿಡಿದು ಸುಮ್ಮನೆ ಕುಳಿತಿದ್ದೆ.

ಡುವಾಲಾದಲ್ಲಿ ಸೆಕೆ ಹೇಗಿದೆ? ಇಲ್ಲಿ ಮಳೆ ಬಿಡುತ್ತಿಲ್ಲ. ಪಕ್ಕದ ಮನೆಯವರು ಜೋಳದ ಮುದ್ದೆ, ಸೊಪ್ಪು ಕಳಿಸುತ್ತಾರೆ. ಅಪ್ಪ ಒಣಗಿಹೋದ ಅಂತ ಚಿಂತೆ ಮಾಡಬೇಡ, ಹೊಟ್ಟೆ ಮುಂದಕ್ಕೇ ಬಂದಿದೆ.

ನಿನ್ನೆ ರೇಡಿಯೋದಲ್ಲಿ ಎಂದಿನಂತೆ ‘ಇತಿಹಾಸದಲ್ಲಿ ಈ ವಾರ’ ಓದಿದೆ. ಗಬಾನ್ ಸ್ವತಂತ್ರವಾದದ್ದು, ಪ್ಯಾರಿಸ್ಸಿನಲ್ಲಿ ಒಂದು ಚಿತ್ರ ಕಳವಾದದ್ದು, ಪ್ರಾಗ್ ಊರಿಗೆ ಟ್ಯಾಂಕುಗಳು ನುಗ್ಗಿದ್ದು, ಎಲ್ಲ ಇತ್ತು. ನಮ್ಮ ನ್ಯೋಸ್ ಕೆರೆಯ ದುರಂತ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಈ ವಾರದ ಪಟ್ಟಿ ನಾನೇ ಬರೆಯುತ್ತೇನೆ, ನಾನೇ ಬಿಡುತ್ತೇನೆ. ‘ನಮ್ಮ ಕೆರೆಯಿಂದ ವಿಷಗಾಳಿ ಎದ್ದು ಸಾವಿರದ ಏಳುನೂರು ಜನ ಸತ್ತದ್ದು ಇತಿಹಾಸ ಅಲ್ವಾ ಮೇಷ್ಟ್ರೇ?’ ಎಂದು ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು. ಸಮಯ ಸಾಲಲಿಲ್ಲ ಎಂದೆ.

ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದಾಗ ಒಂದು ಗಳಿಗೆ ಎಲ್ಲ ಸದ್ದೂ ನಿಲ್ಲುತ್ತದೆ. ನನಗೆ ಭಯ ಆಗ. ಅಂದು ಗಾಳಿ ಎದ್ದು ಎರಡು ದಿನಕ್ಕೆ, ಶನಿವಾರ, ನಿನ್ನ ಅಮ್ಮನನ್ನು ಹುಡುಕಿಕೊಂಡು ಕೆರೆಯ ಕೆಳಗಿನ ಊರಿಗೆ ಇಳಿದಾಗಲೂ ಹೀಗೇ ಇತ್ತು. ಮನೆಗಳು ನೆಟ್ಟಗಿದ್ದವು, ಒಲೆಯ ಮೇಲೆ ಮಡಕೆಗಳಿದ್ದವು. ಹಸುಗಳು, ಕೋಳಿಗಳು ಬಿದ್ದಲ್ಲೇ ಬಿದ್ದಿದ್ದವು. ಅಷ್ಟು ಹೆಣಗಳ ಮೇಲೆ ಒಂದು ನೊಣವೂ ಹಾರುತ್ತಿರಲಿಲ್ಲ. ಆ ನಿಶ್ಶಬ್ದ ನನ್ನ ಜೊತೆ ಮನೆಗೆ ಬಂತು, ಮತ್ತೆ ಹೋಗಲೇ ಇಲ್ಲ.

ನಿನ್ನ ಮದುವೆಯ ಮಾತುಕತೆಯಲ್ಲಿ ಯೇಯಿನ್ ಅತ್ತೆ ಆಡಿದ ಮಾತನ್ನು ಬರೆದಿದ್ದೀಯ. ‘ಸಂತೆ ಇಲ್ಲದ ದಿನ ಗಂಡ, ಮಗು ಬಿಟ್ಟು ಅಷ್ಟು ದೂರ ಯಾರನ್ನ ನೋಡೋಕೆ ಹೋಗಿದ್ಲು ನಿಮ್ಮಮ್ಮ? ನನ್ನ ಬಾಯಿ ಬಿಡಿಸ್ಬೇಡ.’ ಹಾಗೆ ಆಡಿದವಳು ನನ್ನ ಸ್ವಂತ ತಂಗಿ, ಏನು ಹೇಳಲಿ. ಬೀಗರು ಮುಖ ಮುಖ ನೋಡಿಕೊಂಡರು, ನಿನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು ಎಂದಿದ್ದೀಯ. ‘ನಿಜ ಹೇಳಿ ಅಪ್ಪ, ನನಗೆ ತಡ್ಕೊಳ್ಳೋ ಶಕ್ತಿ ಇದೆ’ ಎಂದೂ ಬರೆದಿದ್ದೀಯ. ಮಗಳೇ, ಹಳೆಯ ಮಾತು ಬಿಡು. ಹುಡುಗ ಒಳ್ಳೆಯವನು, ಮದುವೆ ನಡೆಯುತ್ತದೆ. ನಿಮ್ಮ ಮನೆ ಮಕ್ಕಳಿಂದ, ನಗುವಿನಿಂದ ತುಂಬಲಿ.

ನಿನ್ನ ಅಪ್ಪ,
ತೊಸಾಮ್

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿದ್ದೇನೆ.

ನೀನು ಪೇಟೆಯಲ್ಲಿ ಬೆಳೆದವಳು. ನಮ್ಮ ಬೆಟ್ಟದ ಸೀಮೆಯಲ್ಲಿ ವಾರಕ್ಕೆ ಎಂಟು ದಿನ, ಸಂತೆ ಕೂಡುವುದು ಆ ಲೆಕ್ಕದಲ್ಲಿ. ಈ ಸಲ ಗುರುವಾರ ಸಂತೆಯಾದರೆ ಮುಂದಿನದು ಬರುವ ವಾರದ ಶುಕ್ರವಾರ. ಆಗ ನಾವು ವುಮ್ ಊರಿನ ಶಾಲೆಗೆ ವರ್ಗವಾಗಿ ಬಂದು ಎರಡೇ ವಾರವಾಗಿತ್ತು. ಕೆರೆಯ ಕೆಳಗಿನ ಊರಿನ ಸಂತೆ ಯಾವತ್ತು ಎಂದು ನಿನ್ನ ಅಮ್ಮ ನನ್ನನ್ನು ಕೇಳಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿ, ಹೋದ ಗುರುವಾರ ಇತ್ತು, ಈ ಗುರುವಾರವೂ ಇರುತ್ತದೆ ಎಂದೆ.

‘ಎಂಟು ದಿನ ಎಣಿಸ್ಬೇಕಲ್ವಾ? ಶುಕ್ರವಾರ ಅನ್ಸತ್ತೆ’ ಎಂದಳು.

‘ಮೇಷ್ಟ್ರು ನಾನೋ ನೀನೋ?’ ಎಂದೆ.

ಅವಳು ಹೋದಳು. ಸಂತೆಮಾಳ ಖಾಲಿ. ಅವತ್ತು ಸಂಜೆ ಜೀಪಿನ ಡ್ರೈವರ್ ಯುಹ್ ಬಂದು ಅವಳ ಮಾತು ತಲುಪಿಸಿದ: ‘ಮೇಷ್ಟ್ರಿಗೆ ಹೇಳು, ಸಂತೆ ನಾಳೆಯಂತೆ. ಚಿಕ್ಕಮ್ಮನ ಮನೇಲಿ ಉಳ್ಕೊಂಡು, ಮುಗಿಸ್ಕೊಂಡೇ ಬರ್ತೀನಿ.’ ನಾನು ನಕ್ಕೆ, ನಾಂಗೆ. ಕೆರೆಯ ಗಾಳಿ ಇಳಿದದ್ದು ಅದೇ ರಾತ್ರಿ.

ಯುಹ್ ಮರುವರ್ಷ ತೀರಿಕೊಂಡ. ಆಮೇಲೆ ಈ ವಿಷಯ ಗೊತ್ತಿದ್ದವನು ನಾನೊಬ್ಬನೇ. ಜನ ಅವಳ ಬಗ್ಗೆ ಆಡಿಕೊಂಡರು, ನನ್ನನ್ನು ಕಂಡು ಪಾಪ ಅಂದರು. ಇಪ್ಪತ್ತೆರಡು ವರ್ಷ ನಾನು ಆ ಪಾಪವನ್ನು ಕೈಚಾಚಿ ತೆಗೆದುಕೊಂಡೆ, ಬಾಯಿ ಬಿಡಲಿಲ್ಲ.

ಈ ಕಾಗದವನ್ನು ಅತ್ತೆಗೂ ಬೀಗರಿಗೂ ಗಟ್ಟಿಯಾಗಿ ಓದಿ ಹೇಳು. ನಿನ್ನ ಅಮ್ಮ ಯಾರನ್ನೂ ನೋಡಲು ಹೋಗಿರಲಿಲ್ಲ. ನನ್ನ ಮಾತು ನಂಬಿ ಹೋಗಿದ್ದಳು.