ಔಷಧಿವನಕ್ಕಾಗಿ ಕಿತ್ತ ಮಾಕಳಿ ಬೇರು

ಔಷಧಿ ಸಸ್ಯಗಳ ಸಂರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಚೇಳೂರಿನ ಪಕ್ಕದ ಗುಡ್ಡದಲ್ಲಿ ಔಷಧಿವನ ಮಾಡಲೆಂದು ಅಲ್ಲಿದ್ದ ಔಷಧಿ ಗಿಡಗಳನ್ನೆಲ್ಲ ಜೆಸಿಬಿ ತರಿಸಿ ಕೀಳಿಸಿದ್ದೀರಿ. ಇಷ್ಟು ಅಚ್ಚುಕಟ್ಟಾದ ಸಂರಕ್ಷಣೆಯನ್ನು ನಾವು ಕಂಡಿರಲಿಲ್ಲ.

ನಮ್ಮ ಅತ್ತೆ ಗಿರಿಯಮ್ಮನವರಿಗೆ ಎಪ್ಪತ್ತೆರಡು ವರ್ಷ. ಆ ಗುಡ್ಡದ ಬಂಡೆ ಸಂದಿಯ ಮಾಕಳಿ ಬಳ್ಳಿಯ ಬೇರೇ ನಮ್ಮ ಮನೆಯ ಉಪ್ಪಿನಕಾಯಿ, ಹೊಟ್ಟೆ ಕೆಟ್ಟಾಗ ಕಷಾಯ; ಹುಳ ಬೀಳದಂತೆ ಕಾಳಿನ ಡಬ್ಬಕ್ಕೂ ಒಂದು ತುಂಡು. ಪಕ್ಕದ ಒಂದು ಬೇರು ತೆಗೆದು ಮತ್ತೆ ಮಣ್ಣು ಮುಚ್ಚುತ್ತಿದ್ದರು. "ತಾಯಿಬೇರು ಮುಟ್ಬಾರ್ದು ಕಣವ್ವ, ಮುಂದಿನ್ ವರ್ಷಕ್ಕೆ ಯಾರ್ ಕೊಡ್ತಾರೆ?" ಎನ್ನುತ್ತಿದ್ದರು.

ಕಳೆದ ಆಷಾಢದಲ್ಲಿ ನಿಮ್ಮ ಕಾವಲುಗಾರ ಅವರನ್ನು ತಡೆದ.

"ಏನಜ್ಜಿ, ಇದು ಅಳಿದೋಗ್ತಿರೋ ಗಿಡ, ಗೊತ್ತಾ?"

"ಗೊತ್ತು ಕಣಪ್ಪ, ಅದ್ಕೇ ಒಂದೇ ಬೇರು ತಗೊಂಡಿದೀನಿ."

ಈ ಉತ್ತರವನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡು, ಗುಬ್ಬಿಯ ಕಚೇರಿಯಲ್ಲಿ ಸಂಜೆಯವರೆಗೆ ಕೂರಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಕೇಸು ಹಾಕಿ ಕಳಿಸಿದಿರಿ.

ನಾಲ್ಕೇ ದಿನಕ್ಕೆ ಅದೇ ಗುಡ್ಡಕ್ಕೆ ಜೆಸಿಬಿ ಬಂತು. ಅತ್ತೆ ಓಡಿಹೋಗಿ ಅದರ ಮುಂದೆ ನಿಂತರು. "ಅಯ್ಯೋ, ಅದು ಮಾಕಳಿ ಕಣ್ರಪ್ಪ!"

"ಕಳೆ ತೆಗೀತಿದೀವಿ ಅಜ್ಜಿ, ಸೈಡಿಗ್ ಬನ್ನಿ. ಮಾಕಳಿ ನರ್ಸರಿಯಿಂದ ಬರುತ್ತೆ," ಎಂದರು ಮೇಸ್ತ್ರಿ ಲಕ್ಷ್ಮೀಕಾಂತ್.

ನರ್ಸರಿಯಿಂದ ಬಂದದ್ದು ಹುಲ್ಲುಹಾಸು, ಕ್ರೋಟನ್ ಗಿಡ. ಜೊತೆಗೆ ಮಾಕಳಿಯ ಬಣ್ಣದ ಚಿತ್ರವಿರುವ ದೊಡ್ಡ ಫಲಕ. ಓದು ಬಾರದ ಅತ್ತೆಗೆ ನಾನೇ ಅದನ್ನು ಓದಿ ಹೇಳಿದೆ. ಪೂರ್ತಿ ಕೇಳಿ, "ಎಲ್ಲಾ ಸರಿಯಾಗೇ ಬರ್ದವ್ರೆ. ಗಿಡ ಎಲ್ಲೈತೆ?" ಎಂದರು. ಅಂದು ಅವರು ಊಟ ಮುಟ್ಟಲಿಲ್ಲ. ಮಾನ್ಯರೇ, ಒಂದು ಬೇರು ತೆಗೆದರೆ ಅಪರಾಧ, ಗುಡ್ಡವನ್ನೇ ಬೋಳಿಸಿದರೆ ಯೋಜನೆ ಎಂಬುದು ಯಾವ ಕಾನೂನಿನಲ್ಲಿದೆ?

ಮರುದಿನ ಅತ್ತೆ ಜೆಸಿಬಿ ಬದಿಗೆ ತಳ್ಳಿದ್ದ ಮಣ್ಣಿನ ರಾಶಿ ಕೆದಕಿ, ಇನ್ನೂ ಜೀವವಿದ್ದ ಹನ್ನೊಂದು ಬೇರು ಆರಿಸಿದರು. ಯಂತ್ರ ಹತ್ತದ ಮೂಡಣ ಬಂಡೆಯ ಸಂದಿಗಳಲ್ಲಿ ಇಬ್ಬರೂ ನೆಟ್ಟೆವು. ನಾಲ್ಕು ಚಿಗುರಿವೆ. ಮೊನ್ನೆ ಅಲ್ಲಿಗೂ ಕೆಂಪು ಗುರುತು ಬಿದ್ದಿದೆ, ವಾಹನ ನಿಲುಗಡೆಗಂತೆ.

ಆ ಗುರುತು ಅಳಿಸಿ. ಅತ್ತೆಯ ಮೇಲಿನ ಕೇಸು ವಾಪಸು ಪಡೆಯಿರಿ. ಕಳೆ ಯಾವುದು, ಮಾಕಳಿ ಯಾವುದು ಎಂದು ಕಲಿಯಲು ನಿಮ್ಮವರನ್ನು ಒಂದು ದಿನ ಅವರ ಬಳಿ ಕಳಿಸಿ. ಅಪ್ಪಣೆಯಿಲ್ಲದೆ ಗಿಡ ನೆಟ್ಟಿದ್ದೂ ಅಪರಾಧವಾದರೆ, ಆ ಕೇಸು ನನ್ನ ಮೇಲಿರಲಿ. ಗುಂಡಿ ತೋಡಿದವಳು ನಾನು.

ಇಂತಿ,
ಎರಡನೇ ಆರೋಪಿಯಾಗಲು ಸಿದ್ಧಳಿರುವ,
ಶಶಿರೇಖಾ, ಚೇಳೂರು