ಪಾಳಿ ಬಿಟ್ಟುಕೊಟ್ಟದ್ದು

ಹಾಮಾರ್, ನಾರ್ವೆ
೨೧ ಜನವರಿ ೨೦೨೫

ಪ್ರಿಯ ಜಮಾಲಬಿಗೆ,

ಅಸ್ಸಲಾಮು ಅಲೈಕುಂ. ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಬಂದವನು ಇಷ್ಟು ದಿನ ಸುಮ್ಮನಿದ್ದೆ, ಸಿಟ್ಟಾಗಬೇಡ. ಇಲ್ಲಿಯ ಥಂಡಿಗೆ ಬೆರಳುಗಳು ನನ್ನ ಮಾತು ಕೇಳುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಹಚ್ಚಿಕೊಡುವವಳು ನಿಲೋಫರಳೇ, ಮುಗಿಯುವ ತನಕ ಪಕ್ಕದಲ್ಲೇ ನಿಂತಿರುತ್ತಾಳೆ. "ಮಗಳು ಮೊದಲಿನಂಗ ಮಾತಾಡವಲ್ಲಳ್ರಿ, ಏನಾಗೇತಿ ತಿಳಕೊಂಡ ಬರ್ರಿ" ಎಂದು ನನ್ನನ್ನು ವಿಮಾನ ಹತ್ತಿಸಿದವಳು ನೀನು. ಅವಳು ಚೆನ್ನಾಗಿದ್ದಾಳೆ. ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ ನಡೆದಿದೆ. ಅಳಿಯ ಸಾಜೀದ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾನಂತೆ, ಇನ್ನೂ ಮುಖ ತೋರಿಸಿಲ್ಲ.

ಈಗ ಇವರ ಕರೆಂಟಿನ ಕಾರಿನ ಕಥೆ ಕೇಳು. ಶನಿವಾರ ಹಲಾಲ್ ಮಾಂಸ, ಜೋಳದ ಹಿಟ್ಟು ತರಲು ದೊಡ್ಡ ಪಟ್ಟಣಕ್ಕೆ ಹೋಗಿದ್ದೆವು. ದೂರವೇನು ಮಹಾ? ಗಜೇಂದ್ರಗಡ ಬಿಟ್ಟು ರೋಣ, ನರಗುಂದ ದಾಟಿ ಹುಬ್ಬಳ್ಳಿ ಮುಟ್ಟಿದಷ್ಟು. ಬರುವಾಗ ಅರ್ಧ ದಾರಿಗೇ ಕಾರಿಗೆ ದಮ್ಮು ಹತ್ತಿತು. ಥಂಡಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದಂತೆ. ಥಂಡಿ ದೇಶದಲ್ಲಿ ಥಂಡಿ ತಡೆಯದ ಕಾರು! ನಮ್ಮ ಲಕ್ಕಲಕಟ್ಟಿಯ ಟಂಟಂ ರಿಕ್ಷಾ ಹದಿನಾಲ್ಕು ಮಂದಿಯನ್ನೂ ಎರಡು ಆಡನ್ನೂ ಹೇರಿಕೊಂಡು, ಕೆಮ್ಮುತ್ತಲಾದರೂ ಮನೆ ಮುಟ್ಟಿಸುತ್ತದೆ.

ಹೆದ್ದಾರಿಯ ಪಕ್ಕ ಫಾಸ್ಟ್ ಚಾರ್ಜಿಂಗ್ ಎಂಬ ಬೋರ್ಡು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ನಾಲ್ಕು ಕಂಬಗಳಲ್ಲಿ ಒಂದು ಕೆಟ್ಟು, ಹಿಮ ಹೊತ್ತು ನಿಂತಿತ್ತು. ಇನ್ನೊಂದು ಬೇರೆ ಕಂಪನಿಯದು, ಅದಕ್ಕೆ ಅದರದ್ದೇ ಆಪ್ ಬೇಕಂತೆ.

"ಒಂದ ಕರೆಂಟಿಗೆ ಎಷ್ಟ ಆಪ್ ಬೇಕವ್ವಾ?" ಎಂದೆ.

"ನನ್ನ ಫೋನಿನ್ಯಾಗ ಏಳ ಅದಾವಪಾ. ಇದು ಎಂಟನೇದು."

ಮೂರನೆಯ ಕಂಬಕ್ಕೆ ಯಾರೋ ಕಾರು ಹಚ್ಚಿ ಕಾಫಿಗೆ ಹೋಗಿದ್ದ. ಉಳಿದ ಒಂದಕ್ಕೆ ನಾವು. ಅದರ ಕೇಬಲ್ ಚಳಿಗೆ ಸೆಟೆದು ಒನಕೆಯಾಗಿತ್ತು. ತಣ್ಣಗಾದ ಬ್ಯಾಟರಿ ತುಂಬುವುದೂ ನಿಧಾನವಂತೆ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ಕರೆಂಟಿನ ಸೊಕ್ಕು ನೋಡಿದ್ದೇನೆ, ಇಂಥ ಸೊಕ್ಕು ನೋಡಿರಲಿಲ್ಲ.

ಇನ್ನು ಜನ! ಒಬ್ಬೊಬ್ಬರೂ ತಮ್ಮ ತಮ್ಮ ಗಾಜಿನೊಳಗೆ ಮುಖ ಗಂಟು ಹಾಕಿಕೊಂಡು ಕೂತವರು. ಎಲ್ಲಿಯವರು, ಊಟ ಆಯಿತೇ ಎಂದು ಕೇಳುವ ಒಬ್ಬ ಮನುಷ್ಯನಿಲ್ಲ. ನಮ್ಮ ಹಿಂದೆ ಒಂದು ಕಾರು ಬಂದು ನಿಂತಿತು. ಒಳಗೆ ಎಳೆಗೂಸಿನ ತಾಯಿ, ಕೂಸು ಒಂದೇ ಸಮನೆ ಚೀರುತ್ತಿತ್ತು. ಕಾಫಿ ಮುಗಿಸಿ ಬಂದವನು ನೋಡಿಯೂ ನೋಡದವನಂತೆ ತನ್ನ ಕಾರು ಹೊಕ್ಕು ಬಾಗಿಲು ಹಾಕಿಕೊಂಡ. ನಮ್ಮ ಗಿರಣಿಯ ರೀತಿ ನಿನಗೆ ಗೊತ್ತು. ಡಬ್ಬಿಗಳ ಪಾಳಿ ಎಷ್ಟೇ ಉದ್ದವಿರಲಿ, ಎಳೆಗೂಸಿನವಳ ಜೋಳ ಮೊದಲು. ನಾನು ಗಾಜು ಇಳಿಸಿ, ಬಾ ಬಾ ಎಂದು ಕೈಮಾಡಿ ಕರೆದೇಬಿಟ್ಟೆ. ನಿಲೋಫರ ಇಳಿದು ಕೇಬಲ್ ಕಿತ್ತಳು.

ಅರ್ಧ ತುಂಬಿದ ಕಾರು, ಹೀಟರ್ ಹಾಕುವಂತಿಲ್ಲ. ಹಿಟ್ಟಿನ ಚೀಲ ತಬ್ಬಿಕೊಂಡು ನಡುಗುತ್ತ ಬಂದೆ. ನಡುಗಿದರೇನು, ಆ ಕಲ್ಲು ಮುಖದವರಿಗೆ ಗಜೇಂದ್ರಗಡದ ದೊಡ್ಡಸ್ತಿಕೆ ತೋರಿಸಿದೆ. ಗಿರಣಿ ಕಟ್ಟೆಯ ಮೇಲೆ ಕೂಡುವ ಮಹಾಲಿಂಗಪ್ಪನಿಗೆ ಇದನ್ನು ಓದಿ ಹೇಳು, ನಗಲಿ.

ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಅಲ್ಲಾಹನು ನಿನ್ನನ್ನು ಸುಖವಾಗಿಡಲಿ.

ನಿನ್ನ,
ಯಮನೂರಸಾಬ

ತಾ.ಕ.: ಇಲ್ಲಿಂದ ಮುಂದೆ ಯಾರಿಗೂ ಓದಬೇಡ. ಚೆನ್ನಾಗಿದ್ದಾಳೆ ಎಂದು ಬರೆದದ್ದು ಸುಳ್ಳು. ಮನೆಯಲ್ಲಿ ಅವಳು ನನ್ನೆದುರು ಕೂಡುವುದೇ ಇಲ್ಲ, ಯಾವಾಗಲೂ ಡ್ಯೂಟಿ, ಇಲ್ಲವೇ ನಿದ್ದೆ. ಆ ಕಂಬದ ಹತ್ತಿರ ಮಾತ್ರ ಎದ್ದು ಹೋಗಲು ದಾರಿಯಿರಲಿಲ್ಲ. ಮುಂದೆ ನೋಡುತ್ತಲೇ ಹೇಳಿದಳು: "ಅಪ್ಪಾ, ಸಾಜೀದ ಕೆಲಸಕ್ಕ ಹೋಗಿಲ್ಲಪಾ. ನನ್ನ ಬಿಟ್ಟ ಹೋಗ್ಯಾನ. ನಾ ಇಲ್ಲಿ ಒಬ್ಬಾಕೀನ..."

ಅವಳ ಮುಖ ನೋಡಲಾಗಲಿಲ್ಲ, ಜಮಾಲಬಿ. ಆಗಲೇ ನಾನು ಗಾಜು ಇಳಿಸಿ ಆ ಹೆಣ್ಣುಮಗಳನ್ನು ಕರೆದದ್ದು. ಮಗಳ ಮಾತು ಅರ್ಧಕ್ಕೇ ಉಳಿಯಿತು.

"ಅವತ್ತ ಏನ ಹೇಳಾಕತ್ತಿದ್ದೆವ್ವಾ?" ಎಂದು ದಿನಾ ಕೇಳುತ್ತೇನೆ. "ಏನಿಲ್ಲ ಬಿಡಪಾ" ಎನ್ನುತ್ತಾಳೆ. ನಾನು ಊರಿಗೆ ಮರಳುವ ತನಕ ಪ್ರತಿ ಶನಿವಾರ ಅದೇ ದಾರಿ, ಅದೇ ಕಂಬ. ಥಂಡಿ ಇನ್ನಷ್ಟು ಬೀಳಲಿ, ಆ ಹಾಳು ಬ್ಯಾಟರಿ ಲಗೂ ತುಂಬದಿರಲಿ ಎಂದು ದುವಾ ಮಾಡು.